ಮೂರೂಕಾಲಿಗೊಂದು ಪತ್ರ

ಲೋ ಮೂರೂಕಾಲು,

ನಿನ್ನ ಕೊನೆಯ ಮೆಸೇಜಿಗೆ ಉತ್ತರ ಬರೆಯದೆ ಹದಿನೈದು ದಿನ ಆಯಿತು. ಸತ್ತಿಲ್ಲ, ಸಿಟ್ಟೂ ಇಲ್ಲ. ಟ್ರ್ಯಾಂಪೊಲಿನ್ ಹುಡುಕುತ್ತಿದ್ದೆ ಕಣೋ, ಮಕ್ಕಳು ಹತ್ತಿ ಕುಣಿಯುತ್ತಾರಲ್ಲ, ಆ ಪುಟಿಯುವ ಹಾಸು. ನಗು, ಪರವಾಗಿಲ್ಲ. ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ನಿನ್ನ ಹೆಂಡತಿಗೆ ಹೇಳುತ್ತೀಯ, ಅವಳು ನನ್ನವಳಿಗೆ ಹೇಳುತ್ತಾಳೆ, ಅಷ್ಟು ಹೊತ್ತಿಗೆ ಎಂದಿನಂತೆ ನಿನ್ನ ಏಣಿಯೂ ಕಥೆಯೊಳಗೆ ಬಂದು ನಿಂತಿರುತ್ತೆ. ಅದಕ್ಕಿಂತ ನಾನೇ ಎಲ್ಲರೆದುರು ಹೇಳಿಬಿಡುವುದು ವಾಸಿ ಅಲ್ವಾ.

ಶುರುವಾಗಿದ್ದು ಸೋಫಾದಿಂದ. ಮಗಳಿಗೆ ಈಗ ಒಂಬತ್ತು, ಮಗನಿಗೆ ಐದೂಮುಕ್ಕಾಲು. ಆ ಮುಕ್ಕಾಲನ್ನು ಬಿಟ್ಟರೆ ಅವನು ಅಳುತ್ತಾನೆ. ನಿನ್ನ ಅಡ್ಡಹೆಸರಿಗಿಂತ ಎರಡೂವರೆ ಜಾಸ್ತಿ, ನೋಡು. ಇಬ್ಬರೂ ಸೇರಿ ಕುಣಿದೂ ಕುಣಿದೂ ಸೋಫಾದ ಒಂದು ಸ್ಪ್ರಿಂಗನ್ನು ಬಟ್ಟೆ ಹರಿದು ಹೊರಗೆ ತಂದರು. ನಾನು ಕೂರುವ ಜಾಗದಲ್ಲೇ. ಅವತ್ತು ರಾತ್ರಿ ದೊಡ್ಡ ಮನಸ್ಸು ಮಾಡಿ ಘೋಷಿಸಿದೆ: ಹಿತ್ತಲಿಗೆ ಟ್ರ್ಯಾಂಪೊಲಿನ್ ತರೋಣ. ಹೆಂಡತಿ ಏನೂ ಹೇಳಲಿಲ್ಲ. ಟೇಪು ತಂದು ನನ್ನ ಕೈಗೆ ಕೊಟ್ಟಳು, ಅಷ್ಟೇ.

ನಮ್ಮ ಹಿತ್ತಲು 22 ಅಡಿ ಉದ್ದ, 20 ಅಡಿ ಅಗಲ. ನೋಡುವುದಕ್ಕೆ ಸಾಕಷ್ಟಿದೆ ಅನ್ನಿಸುತ್ತೆ. ಟೇಪು ಹಿಡಿದ ಮೇಲೆ ಕುಗ್ಗುತ್ತೆ. ಟ್ರ್ಯಾಂಪೊಲಿನ್ ಸುತ್ತ ಎಲ್ಲಾ ಕಡೆ 2 ಮೀಟರ್ ಆದರೂ ಖಾಲಿ ಬಿಡಬೇಕು ಅನ್ನುತ್ತಾರೆ. ಅಂದರೆ ಆರೂವರೆ ಅಡಿ ಆ ಕಡೆ, ಆರೂವರೆ ಈ ಕಡೆ. ಲೆಕ್ಕ ಹಾಕು. 10 ಅಡಿಯದ್ದು ಕನಸಿನಲ್ಲಿ ಮಾತ್ರ. 8 ಅಡಿಯದ್ದು ಉದ್ದಕ್ಕೆ ಸರಿಹೋಗುತ್ತೆ, ಅಗಲಕ್ಕೆ ಒಂದು ಅಡಿ ಸಾಲ. ಇನ್ನು ಮೇಲೆ? ನೆಲದಿಂದ 7 ಮೀಟರ್‌ನಷ್ಟು ಬಯಲಾಗಿರಬೇಕಂತೆ. ನಮ್ಮಲ್ಲಿ ಒಂದು ಕೊಂಬೆ ಇದೆ, ಬಟ್ಟೆ ಒಣಹಾಕುವ ತಂತಿ ಇದೆ. ತಂತಿಯ ಮೇಲೆ ನನ್ನ ಬನಿಯನ್ನುಗಳಿವೆ. ಅವುಗಳ ನಡುವಿನಿಂದ ಮಗಳು ಮೇಲೇಳುವುದನ್ನು ನೆನೆಸಿಕೊಂಡು ಒಂದು ನಿಮಿಷ ಸುಮ್ನೆ ನಿಂತೆ.

ಇನ್ನೊಂದು ಮೋಸ ಕೇಳು. 8 ಅಡಿ ಅಂದರೆ ಕುಣಿಯುವ ಜಾಗ 8 ಅಡಿ ಅಲ್ಲ. ಅದು ಹೊರಗಿನ ಕಬ್ಬಿಣದ ಚೌಕಟ್ಟಿನ ಅಳತೆ. ಒಳಗೆ ಸುತ್ತಲೂ ಸ್ಪ್ರಿಂಗು, ಅದರ ಮೇಲೆ ಮೆತ್ತೆ, ಅದೆಲ್ಲ ಕಳೆದು ಉಳಿದದ್ದು ಕುಣಿಯುವ ಹಾಸು. ನಾನು ಇದನ್ನು ಮೋಸ ಅಂದೆ. ಹೆಂಡತಿ, "ನಮ್ಮ ಮನೆಯ ಅಳತೆಯನ್ನೂ ಗೋಡೆ ಸೇರಿಸಿಯೇ ಹೇಳಿದ್ರಲ್ಲ" ಅಂದಳು.

ಆಕಾರದ ವಿಷಯದಲ್ಲಿ ನನಗೆ ತಕರಾರಿಲ್ಲ. ಚಿಕ್ಕ ಹಿತ್ತಲಿಗೆ ದುಂಡಗಿನದೇ ಸರಿ. ಅಂಚಿನ ಹತ್ತಿರ ಕಾಲಿಟ್ಟರೂ ಅದು ಮಧ್ಯಕ್ಕೆ ತಳ್ಳುತ್ತೆ. ಆಯತದ್ದು ಜಾಸ್ತಿ ಎತ್ತರಕ್ಕೆ ಎಸೆಯುತ್ತೆ, ಅದು ಆಟಗಾರರಿಗೆ. ಒಲಿಂಪಿಕ್ಸಿನಲ್ಲಿರುವುದು ಅದೇ. ಹೌದು, ಇದು ಒಲಿಂಪಿಕ್ ಆಟ, 2000ದ ಸಿಡ್ನಿಯಿಂದ. ನಿನಗೆ ಗೊತ್ತಿರಲಿಲ್ಲ ತಾನೆ? ನನಗೂ ಗೊತ್ತಿರಲಿಲ್ಲ.

ನೆಲದೊಳಗೆ ಹೂತಿಡುವ ಬಗೆಯೂ ಇದೆ. ಗುಂಡಿ ತೋಡಿ, ಹಾಸನ್ನು ಹುಲ್ಲಿನ ಮಟ್ಟಕ್ಕೆ ತಂದರೆ ಬೀಳುವ ಎತ್ತರವೇ ಇರುವುದಿಲ್ಲ. ನನಗೆ ತುಂಬಾ ಇಷ್ಟವಾಯಿತು. ಆದರೆ ಮಳೆ ಬಂದರೆ ಆ ಗುಂಡಿಯ ನೀರು ಹೋಗಲು ದಾರಿ ಬೇಕು. ಕುಣಿದಾಗ ಕೆಳಗೆ ಸಿಕ್ಕಿಕೊಂಡ ಗಾಳಿ ಹೊರಬರಲೂ ದಾರಿ ಬೇಕು, ಇಲ್ಲದಿದ್ದರೆ ಹಾಸು ಪಟಪಟ ಹೊಡೆದುಕೊಳ್ಳುತ್ತೆ. ನಾನು ಗುಂಡಿ ತೋಡುತ್ತೇನೆ ಅಂದಾಗ ಮನೆಯಲ್ಲಿ ಮೂರೂ ಜನ ಒಟ್ಟಿಗೆ ಬೇಡ ಅಂದರು. ನೀಲಿ ಬಕೆಟ್ಟನ್ನು ಯಾರೂ ಮರೆತಿಲ್ಲ.

ಸ್ಪ್ರಿಂಗೇ ಇಲ್ಲದ್ದೂ ಉಂಟು. ನ್ಯೂಜಿಲೆಂಡಿನ ಕೀತ್ ಅಲೆಕ್ಸಾಂಡರ್ ಅನ್ನುವ ಎಂಜಿನಿಯರ್ ಮಾಡಿದ್ದು. ಸ್ಪ್ರಿಂಗಿನ ಬದಲು ಫೈಬರ್‌ಗ್ಲಾಸ್ ಕಡ್ಡಿಗಳು, ಗಟ್ಟಿ ಚೌಕಟ್ಟು ಹಾಸಿನಿಂದ ತುಂಬಾ ಕೆಳಗೆ. ಜಾಣ ಕೆಲಸ. ನನ್ನ ಜೇಬು ಅಷ್ಟು ಜಾಣ ಅಲ್ಲ.

ಈಗ ಕಾಂಗರೂ ವಿಷಯಕ್ಕೆ ಬರುತ್ತೇನೆ. ಈ ಟ್ರ್ಯಾಂಪೊಲಿನ್ನನ್ನು ಈಗಿನ ರೂಪಕ್ಕೆ ತಂದವನು ಜಾರ್ಜ್ ನಿಸ್ಸನ್ ಅಂತ ಅಮೆರಿಕದ ಜಿಮ್ನಾಸ್ಟ್. ಸರ್ಕಸ್ಸಿನಲ್ಲಿ ಜೋಕಾಲಿಯವರು ಕೊನೆಗೆ ಬಲೆಗೆ ಬಿದ್ದು ಪುಟಿಯುತ್ತಿದ್ದರಲ್ಲ, ಅದನ್ನು ನೋಡಿ ಹುಚ್ಚು ಹಿಡಿಸಿಕೊಂಡವನು. 1936ರಲ್ಲಿ ಅಯೋವಾದಲ್ಲಿ ಲ್ಯಾರಿ ಗ್ರಿಸ್ವೋಲ್ಡ್ ಜೊತೆ ಸೇರಿ ಕಟ್ಟಿದ. ಹೆಸರನ್ನು ಸ್ಪ್ಯಾನಿಷ್‌ನಿಂದ ತಂದ, ಅಲ್ಲಿ ಅದಕ್ಕೆ ನೀರಿಗೆ ಧುಮುಕುವ ಹಲಗೆ ಅಂತ ಅರ್ಥ. 1960ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಒಂದು ಕಾಂಗರೂವನ್ನು ಕರೆತಂದು, ಅದರ ಜೊತೆ ಗಾಳಿಯಲ್ಲಿ ಹಾರುತ್ತಾ ಫೋಟೋ ತೆಗೆಸಿಕೊಂಡ. ಆ ಫೋಟೋ ನೋಡಿ ನನ್ನ ಮಗ ಅರ್ಧ ಗಂಟೆ ನಕ್ಕ. ನಾನೂ ನಕ್ಕೆ. ಆಮೇಲೆ ಹೊಳೆಯಿತು, ಇವತ್ತು ಪ್ರತಿ ಟ್ರ್ಯಾಂಪೊಲಿನ್ ಜೊತೆ ಬರುವ ಮೊದಲ ಎಚ್ಚರಿಕೆಯನ್ನೇ ಅವರಿಬ್ಬರೂ ಮುರಿಯುತ್ತಿದ್ದಾರೆ. ಒಂದು ಸಲಕ್ಕೆ ಒಬ್ಬರೇ.

ಇದು ತಮಾಷೆಯ ನಿಯಮ ಅಲ್ಲ ಕಣೋ. ಟ್ರ್ಯಾಂಪೊಲಿನ್ ಗಾಯಗಳಲ್ಲಿ ಮುಕ್ಕಾಲು ಪಾಲು ಆಗುವುದು ಒಬ್ಬರಿಗಿಂತ ಜಾಸ್ತಿ ಜನ ಹತ್ತಿದಾಗ. ಪೆಟ್ಟು ಬೀಳುವುದು ಹಗುರ ಇರುವವರಿಗೆ. ನಾನು ಹಾಸಿನ ಮೇಲೆ ಧೊಪ್ಪೆಂದು ಬಿದ್ದೆ ಅಂದುಕೋ. ಹಾಸು ಪೂರ್ತಿ ಇಳಿದು ವಾಪಸ್ ಏಳುವ ಹೊತ್ತಿಗೆ ಮಗನ ಕಾಲು ಅದಕ್ಕೆ ತಾಗಿತು. ನಾನು ಬಿದ್ದ ರಭಸ ಅವನ ಕಾಲಿಗೆ ಹೋಗುತ್ತೆ. ಅವನು ತಾನು ಹಾರಿದ್ದಕ್ಕಿಂತ ಎಷ್ಟೋ ಎತ್ತರಕ್ಕೆ ಹೋಗುತ್ತಾನೆ, ಇಲ್ಲವಾದರೆ ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಡುತ್ತೆ. ಜೊತೆಗೆ ಕುಣಿದಾಗ ಚಿಕ್ಕವರಿಗೆ ಪೆಟ್ಟಾಗುವ ಸಂಭವ ದೊಡ್ಡವರಿಗಿಂತ 14 ಪಟ್ಟು ಜಾಸ್ತಿ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2012ರ ವರದಿಯಲ್ಲಿದೆ. ಆರು ವರ್ಷದ ಒಳಗಿನವರಿಗೆ ಬೇಡ. ಸುತ್ತ ಬಲೆ ಕಟ್ಟಿದ ಮಾತ್ರಕ್ಕೆ ಗಾಯ ಅಷ್ಟೇನೂ ಕಡಿಮೆ ಆಗುವುದಿಲ್ಲ, ಯಾಕಂದರೆ ಹೆಚ್ಚಿನ ಪೆಟ್ಟು ಆಗುವುದು ಹಾಸಿನ ಮೇಲೆಯೇ. ಒಟ್ಟಿನಲ್ಲಿ ಮನೆಗೆ ತರಲೇಬೇಡಿ ಅನ್ನುತ್ತಾರೆ ಆ ಡಾಕ್ಟರುಗಳು.

ಇಷ್ಟನ್ನೂ ಓದಿ ಅರಗಿಸಿಕೊಂಡೆ. ಆದರೆ ಅದರಲ್ಲೇ ಇದ್ದ ಇನ್ನೊಂದು ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಗಾಯಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಆಗಿರುವುದು ದೊಡ್ಡವರೊಬ್ಬರು ನೋಡಿಕೊಳ್ಳುತ್ತಿದ್ದಾಗಲೇ.

ಮಾರನೆಯ ದಿನ ಹುಲ್ಲಿನ ಮೇಲೆ ಹಗ್ಗ ಹಾಸಿ 8 ಅಡಿಯ ವೃತ್ತ ಮಾಡಿದೆ. ಸುತ್ತ ಖಾಲಿ ಬಿಡುವ ಜಾಗಕ್ಕೆ ಇನ್ನೊಂದು ಹಗ್ಗ. ತಂತಿ ಕಿತ್ತೆ, ಹೂಕುಂಡ ಎತ್ತಿದೆ. ಎಲ್ಲಾ ಆದಮೇಲೆ ನನ್ನ ಪ್ಲಾಸ್ಟಿಕ್ ಕುರ್ಚಿ ಕೈಯಲ್ಲೇ ಉಳಿಯಿತು. ಅದನ್ನು ಇಡಲು ಜಾಗ ಇಲ್ಲ. ಹಗ್ಗದ ಆಚೆ ಗೋಡೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತರೆ ಮರದ ಕಾಂಡ ಅಡ್ಡ, ಅರ್ಧ ವೃತ್ತ ಕಾಣುವುದೇ ಇಲ್ಲ. ಕುರ್ಚಿ ಹಿಡಿದು ಹಿತ್ತಲೆಲ್ಲ ಸುತ್ತಿದೆ. ಮಗಳು ಬಂದು, "ಅಪ್ಪಾ, ನೀನು ಕೂರೋದು ಯಾಕೆ? ನಿಂತ್ಕೊಂಡು ನೋಡಿದ್ರೆ ಆಗಲ್ವಾ?" ಅಂದಳು.

ಅವಳ ಮುಂಗೈ ಮುರಿದಿತ್ತಲ್ಲ, ಎರಡು ವರ್ಷದ ಹಿಂದೆ. ಐದು ವಾರ ಪ್ಲಾಸ್ಟರ್. ನೀನು ಅದರ ಮೇಲೆ ಬಕೆಟ್ ಬರೆದುಕೊಟ್ಟಿದ್ದೆ. ನಿನಗೆ ಆ ಕಥೆಯನ್ನು ನಾನೇ ಅಭಿನಯ ಮಾಡಿ ಹೇಳಿದ್ದೆ: ಪಾರ್ಕಿನಲ್ಲಿ ಉಯ್ಯಾಲೆ, ನಾನು ಎರಡು ಹೆಜ್ಜೆ ದೂರದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಹಾರಿಬಿಟ್ಟಳು, ಕೈ ಚಾಚಿದರೂ ಸಿಗಲಿಲ್ಲ.

ಎರಡು ಹೆಜ್ಜೆ ಅಲ್ಲ. ಇಪ್ಪತ್ತು ಇರಬಹುದು. ಬೆಂಚಿನ ಮೇಲೆ ಕೂತಿದ್ದೆ, ತಲೆ ಫೋನಿನಲ್ಲಿತ್ತು. ನಿನ್ನ ಮೆಸೇಜೇ ಬಂದಿತ್ತು, ಏಣಿಯ ಫೋಟೋ. ಒಬ್ಬನೇ ನಗುತ್ತಿದ್ದೆ. ಧಪ್ ಅಂತ ಸದ್ದಾಯಿತು. ತಲೆ ಎತ್ತಿದಾಗ ಖಾಲಿ ಉಯ್ಯಾಲೆ ಹಿಂದೆ ಮುಂದೆ ತೂಗುತ್ತಿತ್ತು. ಅವಳು ಮಣ್ಣಿನಲ್ಲಿ ಕೂತಿದ್ದಳು, ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು. ಇನ್ನೂ ಅಳು ಬಂದಿರಲಿಲ್ಲ. ನಾನು ಓಡಿಹೋದಾಗ ಅವಳು ಮೊದಲು ಕೇಳಿದ್ದು, "ನೋಡಿದ್ಯಾ ಅಪ್ಪಾ? ಎಷ್ಟು ದೂರ ಹಾರಿದೆ ನೋಡಿದ್ಯಾ?"

ನೋಡಿದೆ ಕಂದಾ ಅಂದೆ.

ಅದಕ್ಕಿಂತ ಮುಂಚೆ ಮೂರು ಸಲ "ಅಪ್ಪಾ ನೋಡು, ಅಪ್ಪಾ ನೋಡು" ಅಂತ ಕೂಗಿದ್ದಳಂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಹೇಳಿದರು. ಬೈಯುವಂತೆ ಹೇಳಲಿಲ್ಲ, ಸುಮ್ನೆ ಹೇಳಿದರು.

ಈಗಲೂ ಮನೆಗೆ ಯಾರಾದರೂ ಬಂದರೆ ಅವಳು ಆ ಹಾರಾಟದ ಕಥೆ ತೆಗೆಯುತ್ತಾಳೆ. "ಎಷ್ಟು ದೂರ ಅಂತ ಅಪ್ಪನ್ನೇ ಕೇಳಿ, ಅಪ್ಪ ನೋಡಿದಾರೆ" ಅನ್ನುತ್ತಾಳೆ. ನಾನು ಏಳು ಅಡಿ ಅನ್ನುತ್ತೇನೆ. ಹಿತ್ತಲಿಗೆ ಅರ್ಧ ಅಡಿಗೂ ಟೇಪು ಹಿಡಿಯುವವನು ನಾನು. ಆ ಏಳು ಅಡಿ ಎಲ್ಲಿಂದ ಬಂತು ಅಂತ ನನಗೇ ಗೊತ್ತಿಲ್ಲ. ಆರು ಅಂದರೆ ಕಡಿಮೆ ಆಯಿತು, ಎಂಟು ಅಂದರೆ ನಂಬುವುದಿಲ್ಲ ಅಂತ ಇರಬೇಕು.

ಇಷ್ಟು ಬರೆಯುವ ಉದ್ದೇಶ ಇರಲಿಲ್ಲ. ಸ್ಪ್ರಿಂಗಿನ ಬಗ್ಗೆ ನಾಲ್ಕು ಮಾತು ಹೇಳಿ, ನಿನ್ನ ಕಾಲೆಳೆದು ಮುಗಿಸೋಣ ಅಂತಿದ್ದೆ. ಎರಡು ಸಲ ಅಳಿಸಿದೆ, ಮತ್ತೆ ಬರೆದೆ. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ, ಮಾರಾಯ. ಏಣಿಯ ಮೇಲೂ ಇಲ್ಲ. ಓದುತ್ತಿರುವ ಉಳಿದವರಿಗೆ ಒಂದು ವಿನಂತಿ: ನಮ್ಮ ಮನೆಗೆ ಬಂದರೆ ಏಳು ಅಡಿ ಅಂತಲೇ ಇರಲಿ. ಅವಳಿಗೆ ನಾನೇ ಹೇಳುತ್ತೇನೆ. ಯಾವಾಗ ಅಂತ ಕೇಳಬೇಡಿ. ನನ್ನ ಹೆಂಡತಿ ಇದನ್ನು ಓದಿಬಿಟ್ಟಿದ್ದರೆ, ಹೌದು ಕಣೇ, ರಾತ್ರಿ ಮಾತಾಡೋಣ. ಈಗ ಒಂದು ಲೋಟ ನೀರು ಕುಡಿ.

ಸರಿ, ವ್ಯವಹಾರಕ್ಕೆ ಬರೋಣ. ಡಾಕ್ಟರುಗಳ ಮಾತು ಮೀರಿ ತರುತ್ತಿದ್ದೇನೆ, ಗೊತ್ತಿದ್ದೇ ತರುತ್ತಿದ್ದೇನೆ. 8 ಅಡಿ, ದುಂಡು, ಸತು ಲೇಪಿಸಿದ ಚೌಕಟ್ಟು. ಬಲೆ ಸ್ಪ್ರಿಂಗಿನಿಂದ ಒಳಗಡೆ ಇರುವಂಥದ್ದು, ಹೊರಗಡೆ ಇದ್ದರೆ ಮಕ್ಕಳು ಸ್ಪ್ರಿಂಗಿನ ಮೇಲೇ ಬೀಳುತ್ತಾರೆ. ಗಾಳಿಗೆ ಹಾರದಂತೆ ಕಾಲುಗಳಿಗೆ ನೆಲದಲ್ಲಿ ಗೂಟ. ಅಗಲದಲ್ಲಿ ಒಂದು ಅಡಿ ಸಾಲ ಇತ್ತಲ್ಲ, ಹಳೆಯ ಕಲ್ಲುಬೆಂಚು ತೆಗೆದು ಗೋಡೆಗೆ ಮೆತ್ತೆ ಕಟ್ಟಿ ಆದಷ್ಟು ತೀರಿಸುತ್ತೇನೆ. ಕೊಂಬೆ ಕಡಿಸಿದ್ದಾಯಿತು. ಕುರ್ಚಿ ಮಾರಿಬಿಟ್ಟೆ. ಮಗನಿಗೆ ಆರು ತುಂಬಲು ಇನ್ನು ಮೂರು ತಿಂಗಳು ಇದೆ, ಅಲ್ಲಿಯ ತನಕ ಪೆಟ್ಟಿಗೆ ಬಿಚ್ಚುವುದಿಲ್ಲ. ಅವನು ಈಗಾಗಲೇ ಗೋಡೆಯ ಮೇಲೆ ಗೆರೆ ಎಳೆಯಲು ಶುರು ಮಾಡಿದ್ದಾನೆ, ಜೈಲಿನಲ್ಲಿರುವವರ ಹಾಗೆ.

ನನ್ನ ತೂಕ? ಪೆಟ್ಟಿಗೆಯ ಮೇಲೆ ಬರೆದ ಮಿತಿ ನೋಡಿದೆ. ನಾನು ಅದರ ಮೇಲೆ ಹತ್ತಬೇಕಾದರೆ ಒಂದು ಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಜೋಡಿಸುವ ದಿನ ನೀನು ಬರಲೇಬೇಕು. 48 ಸ್ಪ್ರಿಂಗುಗಳಿವೆ. ಒಂದರ ಪಕ್ಕ ಒಂದು ಹಾಕುತ್ತಾ ಹೋದರೆ ಕೊನೆಯವು ಎಷ್ಟು ಎಳೆದರೂ ತಲುಪುವುದಿಲ್ಲ. ಮೊದಲು ನಾಲ್ಕು ದಿಕ್ಕಿಗೆ ನಾಲ್ಕು, ಆಮೇಲೆ ಅವುಗಳ ನಡುವೆ ಒಂದೊಂದು, ಎದುರುಬದುರು ಎಳೆಯುತ್ತಾ ಹೋಗಬೇಕು. ಅದಕ್ಕೆ ಎರಡು ಜನ ಬೇಕು. ಕೈಗವಸು ತಾ. ಫೋನು ಬಾಗಿಲಲ್ಲೇ ನೀಲಿ ಬಕೆಟ್ಟಿಗೆ ಹಾಕಿ ಒಳಗೆ ಬಾ, ನನ್ನದೂ ಅದರಲ್ಲೇ ಇರುತ್ತೆ.

ಏಣಿ ತರಬೇಡ.

ನಿನ್ನ,
ಒಂದೂವರೆ