ಅಮೆರಿಕನ್ ಫುಟ್‌ಬಾಲ್ ಒದೆಯುವ ಅಳಿಯನಿಗೆ

ಕೊಲಂಬಸ್, ಓಹಾಯೊ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜ್ ನೋಡಿದೆ. ಅದರ ಹಿಂದೆಯೇ ನಿಮ್ಮಮ್ಮನ ಫೋನೂ ಬಂತು. ನೀನು ಹೇಳೋದು, ಒಂದು ಕಾಲೇಜಿನ ಕೋಚ್ ಆಫರ್ ಕೊಟ್ಟಿದ್ದಾರೆ, ಈ ವಾರವೇ ಕಮಿಟ್ ಆಗಬೇಕು, ಅಂದರೆ ಅಲ್ಲಿಗೇ ಬರುತ್ತೇನೆಂದು ಮಾತು ಕೊಡಬೇಕು ಅಂತ. ಅಕ್ಕ ಹೇಳೋದು, ಇವನು ಓದು ಬಿಟ್ಟು ಚೆಂಡು ಒದೆಯಲು ಹೊರಟಿದ್ದಾನೆ ಅಂತ. ಇಬ್ಬರದೂ ಸ್ವಲ್ಪ ಜಾಸ್ತಿಯಾಯಿತು. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ಗೊತ್ತಾಗದಿದ್ದರೆ ಅಮ್ಮನ ಕೈಲಿ ಓದಿಸಿಕೋ. ಆ ನೆಪದಲ್ಲಿ ಅವಳೂ ಓದಿದ ಹಾಗಾಗುತ್ತದೆ.

ನಾನು ಈ ಆಟ ಆಡಿದವನಲ್ಲ, ನಿನಗೇ ಗೊತ್ತು. ನನ್ನದು ಲೆಕ್ಕ ಬರೆಯುವ ಕೆಲಸ. ಆದರೆ ನಾನಿರುವುದು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕಾಲೇಜು ಸ್ಟೇಡಿಯಂ ಇರುವ ಊರಲ್ಲಿ. ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು ಎಂದು 2021ರ ಜುಲೈ 1ರಿಂದ ನಿಯಮ ಸಡಿಲವಾಯಿತಲ್ಲ, ಆಮೇಲೆ ಅಂಥ ಹುಡುಗರ ಟ್ಯಾಕ್ಸ್ ಕಾಗದಗಳು ನನ್ನ ಮೇಜಿಗೂ ಬರತೊಡಗಿದವು. ಅವರೆಲ್ಲ ಚುರುಕು ಹುಡುಗರೇ. ಆದರೆ ಯಾವ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಯಾವುದನ್ನು ಆಗುವುದಿಲ್ಲ ಅನ್ನೋದು ಅವರಲ್ಲಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಿನಗೆ ಅದು ಗೊತ್ತಿರಲಿ ಅಂತಲೇ ಇಷ್ಟು ಬರೆಯುವುದು.

ಮೊದಲು ಆ ಆಫರ್. ಕೋಚ್ ಫೋನಿನಲ್ಲಿ ಹೇಳಿದ ಆಫರ್‌ಗೆ ಯಾವ ಕಟ್ಟೂ ಇಲ್ಲ. ನೀನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ‘ಕಮಿಟ್ ಆದೆ’ ಎಂಬ ಪೋಸ್ಟ್‌ಗೂ ಇಲ್ಲ. ಎರಡೂ ಬಾಯಿಮಾತು. ನೀನೂ ಬದಲಾಯಿಸಬಹುದು, ಅವರೂ ಬದಲಾಯಿಸಬಹುದು. ಅವರೇ ಬದಲಾಯಿಸಿದ ದಿನ ನಿನಗೆ ಯಾರೂ ಫೋನ್ ಮಾಡದೇ ಇರಬಹುದು, ಅದಕ್ಕೂ ಸಿದ್ಧನಾಗಿರು. ನಿಜವಾದ ಸಹಿ ಹನ್ನೆರಡನೇ ಕ್ಲಾಸಿನ ಡಿಸೆಂಬರ್‌ನಲ್ಲಿ. ಹಳೆಯ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಒಪ್ಪಿಗೆ ಪತ್ರ 2024ರ ಅಕ್ಟೋಬರ್‌ನಲ್ಲೇ ಹೋಯಿತು. ಈಗ ಸಹಿ ಹಾಕುವುದು ಸ್ಕಾಲರ್‌ಶಿಪ್ ಒಪ್ಪಂದಕ್ಕೇ. ನೀನಿನ್ನೂ ಹನ್ನೊಂದರಲ್ಲಿದ್ದೀಯ. ಕೋಚ್‌ಗಳು ನಿನಗೆ ಮೆಸೇಜ್ ಮಾಡಲು ಅವಕಾಶ ಸಿಕ್ಕಿದ್ದೇ ಈ ಸೆಪ್ಟೆಂಬರ್ 1ರಿಂದ. ಈ ವಾರವೇ ಅನ್ನುವ ಅವಸರ ಅವರದು, ನಿನ್ನದಲ್ಲ.

ಅವರನ್ನು ಒಂದು ಪ್ರಶ್ನೆ ನೇರವಾಗಿ ಕೇಳು. ಇದು ಸ್ಕಾಲರ್‌ಶಿಪ್ಪೋ, ‘ಪ್ರಿಫರ್ಡ್ ವಾಕ್‌ಆನ್’ ಜಾಗವೋ? ನಿನ್ನಂಥ ಕಿಕ್ಕರ್‌ಗಳಿಗೆ, ಅಂದರೆ ಚೆಂಡು ಒದೆಯುವುದೇ ಕೆಲಸವಾದವರಿಗೆ, ಎರಡನೆಯದೇ ಹೆಚ್ಚು ಸಿಗುವುದು. ಅಂದರೆ ತಂಡಕ್ಕೆ ಬಾ, ಫೀಸ್ ನೀನೇ ಕಟ್ಟು. ‘ಆಫರ್’ ಅನ್ನುವ ಮಾತಿನಲ್ಲಿ ಇದು ಮುಚ್ಚಿಹೋಗಿರುತ್ತದೆ. ಇನ್ನೂ ಒಂದು ವಿಷಯ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ದೊಡ್ಡ ರಾಜಿ ಒಪ್ಪಂದದ ಮೇಲೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್, ಅದರಲ್ಲೇ ಎಲ್ಲ ಆಟಗಳೂ ಬರಬೇಕು. ಜೊತೆಗೆ ಫುಟ್‌ಬಾಲ್‌ಗೆ ಮೊದಲಿದ್ದ 85 ಸ್ಕಾಲರ್‌ಶಿಪ್‌ಗಳ ಮಿತಿ ತೆಗೆದು, ತಂಡದಲ್ಲಿ 105 ಜನಕ್ಕಿಂತ ಹೆಚ್ಚು ಇರಬಾರದು ಎಂದು ಮಾಡಿದರು. ದುಡ್ಡಿನ ಸುದ್ದಿ ಎಲ್ಲರಿಗೂ ಗೊತ್ತು. 105ರ ಸುದ್ದಿ ವಾಕ್‌ಆನ್ ಹುಡುಗರಿಗೆ ತಟ್ಟಿದೆ. ಆದ್ದರಿಂದ ಆ ತಂಡದಲ್ಲಿ ಈಗ ಎಷ್ಟು ಕಿಕ್ಕರ್‌ಗಳಿದ್ದಾರೆ, ಯಾರು ಯಾವ ವರ್ಷದಲ್ಲಿದ್ದಾರೆ ನೋಡು. ಒಳ್ಳೆಯ ಕಿಕ್ಕರ್ ಮೊದಲ ವರ್ಷದವನಾಗಿದ್ದರೆ ನೀನು ಮೂರು ವರ್ಷ ಬೆಂಚಿನ ಮೇಲೆ ಕೂರುವುದೇ.

ಕ್ಯಾಂಪ್‌ಗಳ ಬಗ್ಗೆ ಭಾವ ಬೇಜಾರು ಮಾಡಿಕೊಂಡಿದ್ದಾರೆ, ಪ್ರತಿ ತಿಂಗಳೂ ಒಂದು ರಾಜ್ಯಕ್ಕೆ ಟಿಕೆಟ್ ಅಂತ. ನಿಜ ಹೇಳಬೇಕೆಂದರೆ ನಾನು ಅವರ ಕಡೆ. ಆಟ ನೋಡಿ ಇಷ್ಟು ಸ್ಟಾರ್ ಎಂದು ದರ್ಜೆ ಹಂಚುವ ಕ್ಯಾಂಪ್ ಒಂದೆರಡು ಸಾಕು. ನಿನಗೆ ಆಸೆ ಇರುವ ಕಾಲೇಜು ಬೇಸಿಗೆಯಲ್ಲಿ ನಡೆಸುವ ಕ್ಯಾಂಪ್‌ಗೆ ಹೋಗು. ಅಲ್ಲಿ ನಿನ್ನನ್ನು ನೋಡುವವರು ನಿನ್ನನ್ನು ಸೇರಿಸಿಕೊಳ್ಳಬಲ್ಲವರು.

ಮನೆ ಹತ್ತಿರವೇ ಮಾಡಬಹುದಾದ್ದು ಬೇಕಾದಷ್ಟಿದೆ. ಹೈಸ್ಕೂಲಿನಲ್ಲಿ ಫೀಲ್ಡ್ ಗೋಲ್‌ಗೂ, ಅಂದರೆ ಕಂಬಗಳ ನಡುವೆ ಹೋಗುವಂತೆ ಒದೆಯುವಾಗಲೂ, ಚೆಂಡಿನ ಕೆಳಗೆ ಎರಡು ಇಂಚಿನ ಬ್ಲಾಕ್ ಇಟ್ಟು ಒದೆಯಲು ಬಿಡುತ್ತಾರೆ. ಕಾಲೇಜಿನಲ್ಲಿ 1989ರಿಂದ ಅದು ಇಲ್ಲ, ಚೆಂಡು ನೆಲದ ಮೇಲೆ. ಈಗಿನಿಂದಲೇ ಅಭ್ಯಾಸ ನೆಲದಿಂದ ಮಾಡು, ಪಂದ್ಯದಲ್ಲಿ ಬೇಕಾದರೆ ಬ್ಲಾಕ್ ಇಟ್ಟುಕೋ. ಕಂಬಗಳ ನಡುವಿನ ಅಗಲ ಹೈಸ್ಕೂಲಿನಲ್ಲಿ 23 ಅಡಿ 4 ಇಂಚು. ಕಾಲೇಜಿನಲ್ಲೂ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲೂ 18 ಅಡಿ 6 ಇಂಚು. ಸುಮಾರು ಐದು ಅಡಿ ಕಮ್ಮಿ! ನೀನು ಕಳಿಸಿದ ವಿಡಿಯೋದಲ್ಲಿ ಕಂಬಕ್ಕೆ ಒರಸಿಕೊಂಡು ಒಳಗೆ ಹೋದ ಎರಡು ಕಿಕ್‌ಗಳಿವೆಯಲ್ಲ, ಕಾಲೇಜಿನಲ್ಲಿ ಅವು ಹೊರಗೆ. ಆಟ ಶುರು ಮಾಡುವ ಒದೆತ, ಕಿಕ್‌ಆಫ್ ಕೂಡ ನಿಮ್ಮಲ್ಲಿ 40 ಯಾರ್ಡ್ ಗೆರೆಯಿಂದ, ಕಾಲೇಜಿನಲ್ಲಿ 35ರಿಂದ. ಕೋಚ್‌ಗೆ ಕಳಿಸುವ ವಿಡಿಯೋದಲ್ಲಿ ನೆಲದಿಂದ ಒದ್ದದ್ದೇ ಇರಲಿ. ತಪ್ಪಿದ ಕಿಕ್‌ಗಳನ್ನೂ ಒಂದೆರಡು ಬಿಡು. ಬರೀ ಗೆದ್ದದ್ದನ್ನೇ ಜೋಡಿಸಿದ ವಿಡಿಯೋವನ್ನು ಅವರು ದಿನಾ ನೋಡುತ್ತಾರೆ.

ಓದಿನ ವಿಷಯಕ್ಕೆ ಬಂದರೆ ಅಕ್ಕನ ಮಾತಿಗೆ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ನಿಯಮವೇ ಬೆಂಬಲ. ಮೇಲಿನ ಮಟ್ಟದಲ್ಲಿ ಆಡಲು ಇಂಗ್ಲಿಷ್, ಗಣಿತ, ವಿಜ್ಞಾನದಂಥ 16 ಕೋರ್ ಕೋರ್ಸ್ ಆಗಿರಬೇಕು. ಅದರಲ್ಲಿ ಹತ್ತು ನಿನ್ನ ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಆ ಕೋರ್ಸ್‌ಗಳ ಜಿಪಿಎ ಕನಿಷ್ಠ 2.3. ನಿನಗೆ ಇದೇನೂ ಕಷ್ಟವಲ್ಲ. ಆದರೆ ಆ ಹತ್ತು ಒಮ್ಮೆ ದಾಖಲಾದ ಮೇಲೆ ಮತ್ತೆ ಬರೆದು ಗ್ರೇಡ್ ಏರಿಸಿಕೊಳ್ಳಲು ಬಿಡುವುದಿಲ್ಲ. ಹಿಂದಕ್ಕೆ ಬರಲಾಗದ ಮೊದಲ ಹೆಜ್ಜೆ ಮೈದಾನದಲ್ಲಿಲ್ಲ, ಈಗಿನ ನಿನ್ನ ಕೆಮಿಸ್ಟ್ರಿ ಕ್ಲಾಸಿನಲ್ಲಿದೆ. ಅಕ್ಕನಿಗೂ ಒಂದು ಮಾತು: ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳು ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡುತ್ತವೆ. ಆದರೆ ಅವಕ್ಕೂ ಕಿಕ್ಕರ್ ಬೇಕು. ಹಾರ್ವರ್ಡ್‌ನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರಾಗಿದ್ದ ರಯಾನ್ ಫಿಟ್ಜ್‌ಪ್ಯಾಟ್ರಿಕ್, ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ 2005ರಲ್ಲಿ 250ನೇ ಆಯ್ಕೆಯಾಗಿ ಹೋಗಿ 17 ಸೀಸನ್ ಎನ್‌ಎಫ್‌ಎಲ್ ಆಡಿದರು.

ಇನ್ನು ‘ಇಷ್ಟವಾಗದಿದ್ದರೆ ಟ್ರಾನ್ಸ್‌ಫರ್ ಆದರಾಯ್ತು ಮಾಮಾ’ ಅಂದಿದ್ದೀಯ. ಆಗಬಹುದು. 2018ರಲ್ಲಿ, ಕಾಲೇಜು ಬದಲಾಯಿಸುವವರು ಹೆಸರು ಹಾಕುವ ಪೋರ್ಟಲ್ ಬಂತು. 2021ರಿಂದ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ, ಒಂದು ವರ್ಷ ಸುಮ್ನೆ ಕೂರದೆ ಬದಲಾಯಿಸಬಹುದು. ಕ್ಯಾಮ್ ವಾರ್ಡ್‌ನ ಕಥೆ ನಿನಗೇ ಗೊತ್ತು. ಟೆಕ್ಸಾಸಿನ ಹುಡುಗ, ಸ್ಕಾಲರ್‌ಶಿಪ್ ಆಫರ್ ಬಂದದ್ದು ಇನ್‌ಕಾರ್ನೇಟ್ ವರ್ಡ್ ಎಂಬ ಸಣ್ಣ ಕಾಲೇಜಿನಿಂದ ಮಾತ್ರ. ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ, 2025ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ. ಗಮನಿಸು, ಅವನು ಪ್ರತಿ ಸಲವೂ ಆಡುತ್ತಿದ್ದ ಜಾಗದಿಂದ ಇನ್ನೂ ದೊಡ್ಡ ಜಾಗಕ್ಕೆ ಹೋದ. ಸಿಟ್ಟು ಬಂದು ಹೊರಟವನಲ್ಲ. ನಮ್ಮೂರಿನ ಓಹಾಯೊ ಸ್ಟೇಟ್ ಬಿಟ್ಟ ಜೋ ಬರೋ ಇಲ್ಲಿ ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ 2018ರಲ್ಲಿ ಲೂಸಿಯಾನದ ಎಲ್‌ಎಸ್‌ಯು ಕಾಲೇಜು ಸೇರಿದ್ದು. ಮರುವರ್ಷ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ, ಆಮೇಲೆ 2020ರ ಮೊದಲ ಆಯ್ಕೆ. ಅವನ ಕ್ರೆಡಿಟ್‌ಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ನಿನ್ನದು ಹಾಗಿರುವುದಿಲ್ಲ. ಆಡುತ್ತಿರಬೇಕೆಂದರೆ ಎರಡನೇ ವರ್ಷದ ಕೊನೆಗೆ ಡಿಗ್ರಿಯ 40, ಮೂರನೆಯದರ ಕೊನೆಗೆ 60, ನಾಲ್ಕನೆಯದಕ್ಕೆ 80 ಪರ್ಸೆಂಟ್ ಮುಗಿದಿರಬೇಕು. ಹೊಸ ಕಾಲೇಜು ನಿನ್ನ ಹಳೆಯ ಎಂಜಿನಿಯರಿಂಗ್ ಕ್ರೆಡಿಟ್‌ಗಳನ್ನೆಲ್ಲ ಒಪ್ಪಬೇಕೆಂದೇನೂ ಇಲ್ಲ. ಕೊನೆಗೆ ಓದಬೇಕೆಂದಿದ್ದ ವಿಷಯ ಬಿಟ್ಟು, ಕ್ರೆಡಿಟ್ ಲೆಕ್ಕ ಸರಿಹೋಗುವ ವಿಷಯ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡದು: ಪೋರ್ಟಲ್‌ನಲ್ಲಿ ಹೆಸರು ಹಾಕಿದ ಮೇಲೆ ಹಳೆಯ ಕಾಲೇಜು ಆ ಟರ್ಮ್ ಮುಗಿದ ನಂತರ ನಿನ್ನ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ವಾಪಸ್ ಬಾ ಅನ್ನಲೂಬಹುದು, ಅನ್ನದೆಯೂ ಇರಬಹುದು. ವರ್ಷಕ್ಕೆ ಎರಡಿದ್ದ ಹೆಸರು ಹಾಕುವ ಅವಧಿ 2026ರಲ್ಲಿ ಒಂದೇ ಆಯಿತು, ಜನವರಿ 2ರಿಂದ 16. ಹದಿನೈದು ದಿನದಲ್ಲಿ ಬದುಕಿನ ತೀರ್ಮಾನ. ಬೇರೆ ಕಡೆ ಜಾಗ ಖಾಲಿ ಇದೆಯೇ ಎಂದು ಗೊತ್ತಿಲ್ಲದೆ ಹೆಸರು ಹಾಕಿದವರು ಎಷ್ಟೋ ಜನ ಎಲ್ಲೂ ಇಲ್ಲದೆ ಉಳಿಯುತ್ತಾರೆ. ಟಿವಿಯವರು ಅವರ ಕಥೆ ಹೇಳುವುದಿಲ್ಲ.

ದುಡ್ಡು ನನ್ನ ವಿಷಯ, ಆದರೂ ಚಿಕ್ಕದಾಗಿ ಮುಗಿಸುತ್ತೇನೆ. ಕಿಕ್ಕರ್‌ಗೆ ಕ್ವಾರ್ಟರ್‌ಬ್ಯಾಕ್‌ನಷ್ಟು ಹಣ ಬರುವುದಿಲ್ಲ, ಕನಸು ಬೇಡ. ಬಂದಷ್ಟೂ ಬರಹದಲ್ಲಿರಲಿ. 2024ರಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಕ್ವಾರ್ಟರ್‌ಬ್ಯಾಕ್ ಮೂರು ಪಂದ್ಯ ಗೆದ್ದುಕೊಟ್ಟು ತಂಡ ಬಿಟ್ಟ. ಹೇಳಿದ ಹಣ ಕೊಡಲಿಲ್ಲ ಅಂತ ಅವನ ಕಡೆಯವರು, ಅಂಥ ಅಧಿಕೃತ ಆಫರ್ ಇರಲೇ ಇಲ್ಲ ಅಂತ ಆ ಕಡೆಯವರು. ಜಾಹೀರಾತಿನಿಂದ ಬರುವ ಹಣಕ್ಕೆ ಯಾರೂ ಮೊದಲೇ ಟ್ಯಾಕ್ಸ್ ಹಿಡಿಯುವುದಿಲ್ಲ. ಅದು ಸ್ವಂತ ದುಡಿಮೆಯ ಲೆಕ್ಕ. ಆದಾಯ ತೆರಿಗೆಯ ಜೊತೆಗೆ 15.3 ಪರ್ಸೆಂಟ್ ಬೇರೆ, ಮೂರು ತಿಂಗಳಿಗೊಮ್ಮೆ ನೀನೇ ಕಟ್ಟಬೇಕು. ಸಿಕ್ಕಿದ್ದರಲ್ಲಿ ಮೂರನೇ ಒಂದು ಭಾಗ ಮುಟ್ಟಲೇಬೇಡ.

ಡ್ರಾಫ್ಟ್ ಬಗ್ಗೆ ಈಗಲೇ ಕೇಳಿದ್ದೀಯಲ್ಲ, ನಗು ಬಂತು, ಆದರೂ ಹೇಳುತ್ತೇನೆ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಯಾರೂ ಹೋಗುವಂತಿಲ್ಲ. ಕಾಲೇಜಿನಲ್ಲಿ ಆಡುವವರಲ್ಲಿ ಎನ್‌ಎಫ್‌ಎಲ್ ಮುಟ್ಟುವವರು ನೂರಕ್ಕೆ ಇಬ್ಬರೂ ಇಲ್ಲ. ವರ್ಷ ಉಳಿದಿರುವಾಗಲೇ ಹೆಸರು ಕೊಟ್ಟು, ಕೊನೆಯ ದಿನ ದಾಟಿತೆಂದರೆ ಕಾಲೇಜು ಆಟ ಮುಗಿದಂತೆ. ಏಳು ಸುತ್ತಿನಲ್ಲೂ ಯಾರೂ ಕರೆಯದಿದ್ದರೂ ಅಷ್ಟೇ. ಹೆಸರು ಕೊಡುವ ಮುಂಚೆ ಲೀಗ್‌ನ ಸಲಹಾ ಸಮಿತಿಯಿಂದ ಅಭಿಪ್ರಾಯ ಕೇಳಬಹುದು. ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಕಾಲೇಜಿಗೆ ಹೋಗು, ಮೂರೇ ಉತ್ತರ. ಮೂರನೆಯದು ಬಂದರೆ ಓದಲು ಹೋಗು. ಏಜೆಂಟ್ ಆಟಗಾರರ ಸಂಘದ ಮಾನ್ಯತೆ ಪಡೆದವನಾಗಿರಬೇಕು. ಒಪ್ಪಂದದ ಮೇಲೆ ಮೂರು ಪರ್ಸೆಂಟ್‌ಗಿಂತ ಜಾಸ್ತಿ ಕೇಳುವಂತಿಲ್ಲ.

ಕಿಕ್ಕರ್‌ಗಳ ಮಟ್ಟಿಗಂತೂ ಡ್ರಾಫ್ಟ್ ನೋಡಿ ಏನೂ ಹೇಳಲಾಗದು. ಫ್ಲೋರಿಡಾ ಸ್ಟೇಟ್‌ನ ರಾಬರ್ಟೊ ಅಗ್ವಾಯೊ ಒಂದು ವರ್ಷ ಉಳಿದಿರುವಾಗಲೇ ಹೋದ. 2016ರಲ್ಲಿ ಟ್ಯಾಂಪಾ ಬೇ ಅವನನ್ನು ಎರಡನೇ ಸುತ್ತಿನಲ್ಲೇ ತೆಗೆದುಕೊಂಡಿತು. ಮೊದಲ ವರ್ಷ 31 ಕಿಕ್‌ಗಳಲ್ಲಿ 22 ಗೋಲ್, ಮರುವರ್ಷ ತಂಡದಿಂದ ಹೊರಗೆ. ನಿಮ್ಮ ಜಾರ್ಜಿಯಾದ ಯಂಗ್‌ಹೋ ಕೂ ನೋಡು. ಸೋಲ್‌ನಲ್ಲಿ ಹುಟ್ಟಿ, ಚಿಕ್ಕವನಿದ್ದಾಗ ಇಲ್ಲಿಗೆ ಬಂದು, ಜಾರ್ಜಿಯಾ ಸದರ್ನ್‌ನಲ್ಲಿ ಆಡಿದವನು. 2017ರಲ್ಲಿ ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. ಚಾರ್ಜರ್ಸ್ ತಂಡ ನಾಲ್ಕು ಪಂದ್ಯಕ್ಕೇ ಕಳಿಸಿಬಿಟ್ಟಿತು. 2019ರಲ್ಲಿ ಅಟ್ಲಾಂಟಾದ ಫಾಲ್ಕನ್ಸ್ ಸೇರಿ, ಮರುವರ್ಷವೇ ಲೀಗ್‌ನ ಶ್ರೇಷ್ಠ ಆಟಗಾರರ ಪ್ರೊ ಬೌಲ್‌ಗೆ ಆಯ್ಕೆಯಾದ. ಡಲ್ಲಾಸ್‌ನ ಬ್ರ್ಯಾಂಡನ್ ಆಬ್ರಿಯಂತೂ ಕಾಲೇಜಿನಲ್ಲಿ ಆಡಿದ್ದೇ ಸಾಕರ್, ಅಂದರೆ ಭಾರತದಲ್ಲಿ ನಾವು ಫುಟ್‌ಬಾಲ್ ಅನ್ನುವ ಆಟ. ಆಮೇಲೆ ಸಾಫ್ಟ್‌ವೇರ್ ಎಂಜಿನಿಯರ್ ಕೆಲಸದಲ್ಲಿದ್ದು, ಸಂಜೆ ಒದ್ದು ಒದ್ದು, ಸಣ್ಣ ಲೀಗ್ ಆಡಿ 2023ರಲ್ಲಿ ಕೌಬಾಯ್ಸ್ ಸೇರಿದ. ಮೊದಲ 35 ಫೀಲ್ಡ್ ಗೋಲ್‌ನಲ್ಲಿ ಒಂದೂ ತಪ್ಪಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಅನ್ನುವ ಭಾಗವನ್ನು ಭಾವನಿಗೆ ಜೋರಾಗಿ ಓದಿ ಹೇಳು.

ಈಗ ಮಾಡಬೇಕಾದ್ದು ಇಷ್ಟು. ಆ ಕೋಚ್‌ಗೆ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಬರೆ. ಏಪ್ರಿಲ್ ಮೇಲೆ ಅಪ್ಪ ಅಮ್ಮನ ಜೊತೆ ಬಂದು ಕಾಲೇಜು ನೋಡುತ್ತೇನೆ ಅನ್ನು. ಸ್ಕಾಲರ್‌ಶಿಪ್ಪೋ ವಾಕ್‌ಆನೋ ಕೇಳು. ಉತ್ತರ ಇಮೇಲ್‌ನಲ್ಲಿ ಬರಲಿ, ಬಂದ ಕೂಡಲೇ ನನಗೆ ಕಳಿಸು. ಏನೇ ಕಾಗದ ಬಂದರೂ ನಾನು ನೋಡುವವರೆಗೆ ಯಾರೂ ಸಹಿ ಹಾಕಬೇಡಿ, ನಿಮ್ಮಪ್ಪನೂ ಸೇರಿ. ಕ್ರಿಸ್‌ಮಸ್ ರಜೆಗೆ ನಾವೆಲ್ಲ ಅಲ್ಲಿಗೇ ಬರುತ್ತೇವೆ. ಚೆಂಡು ಹಿಡಿದು ನಿಲ್ಲಿಸುವ ಕೆಲಸ ನನಗೆ ಕೊಡಬೇಡ, ನನ್ನ ಬೆರಳುಗಳು ಇನ್ನೂ ಟ್ಯಾಕ್ಸ್ ಸೀಸನ್‌ಗೆ ಬೇಕು.

ನಿನ್ನ
ಮಾಮ