ಪುಟ್ಟಿ, ಟಿಕೆಟ್ ಕ್ಯಾನ್ಸಲ್ ಮಾಡಬೇಡ

ಪುಟ್ಟಿ,

ಫೋನಲ್ಲಿ ಮಾತಾಡಿದರೆ ಮತ್ತೆ ಜಗಳವೇ ಆಗುತ್ತದೆ. ನೀನು ಅಳುತ್ತೀಯ, ನಾನು ಫೋನ್ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಆಸ್ಪತ್ರೆಯ ವಿಷಯ ಬೇಡ, ನೀನೂ ಅಲ್ಲೇ ಇದ್ದೆ. ಸ್ಟೆಂಟ್ ಹಾಕಿದ್ದಾರೆ, ಮಾತ್ರೆ ನುಂಗುತ್ತಿದ್ದೇನೆ, ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದೇನೆ. ಇದನ್ನೇ ನೆಪ ಮಾಡಿಕೊಂಡು ಗೋವಾದ ಫುಟ್‌ಬಾಲ್ ಅಕಾಡೆಮಿಯ ಕೋಚ್ ಕೆಲಸ ಬಿಡ್ತೀನಿ, ಮೈಸೂರಲ್ಲೇ ಯಾವುದಾದರೂ ಸ್ಕೂಲಿಗೆ ಸೇರ್ಕೋತೀನಿ ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪೋರ್ಚುಗಲ್ ಫುಟ್‌ಬಾಲ್ ಆಟಗಾರ ಸೆರ್ಜಿಯೊ ಕೊನ್ಸೆಯ್ಸಾವ್ ಕಥೆಯನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ಸಣ್ಣವಳಿದ್ದಾಗ ಅವನ ಹ್ಯಾಟ್ರಿಕ್ ಹೇಳಿಯೇ ನಿನಗೆ ಅನ್ನ ತಿನ್ನಿಸುತ್ತಿದ್ದೆ. 2000ದ ಯೂರೋ ಕಪ್, ಜೂನ್ 20, ರಾಟರ್‌ಡ್ಯಾಮ್. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಪೋರ್ಚುಗಲ್ ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಹಾಗಾಗಿ ಫಿಗೋನಂಥ ದೊಡ್ಡ ಆಟಗಾರರಿಗೆ ರಜೆ. ಬೆಂಚಿನವರಿಗೆ ಅವಕಾಶ. ಎದುರಿಗೆ ಹಿಂದಿನ ಚಾಂಪಿಯನ್ ಜರ್ಮನಿ, ಗೋಲಲ್ಲಿ ಆಲಿವರ್ ಕಾನ್. ಎರಡನೇ ಗೋಲು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸೆರ್ಜಿಯೊ ಹೊಡೆದ ಚೆಂಡಿಗೆ ಕಾನ್ ಬಿದ್ದ, ಸಿಕ್ಕೇ ಬಿಟ್ಟಿತು ಅನ್ನುವಷ್ಟರಲ್ಲಿ ಅವನ ಕೈಯಿಂದ ಜಾರಿ ಒಳಗೆ ಹೋಯಿತು. 3-0. ಮೂರೂ ಅವನದೇ. ಜರ್ಮನಿ ಮನೆಗೆ ಹೋಯಿತು. ಜರ್ಮನಿಯ ಹಿರಿಯ ಆಟಗಾರ ಮ್ಯಾಥೌಸ್ ದೇಶಕ್ಕಾಗಿ ಆಡಿದ ಕೊನೆಯ ಪಂದ್ಯವೂ ಅದೇ.

ಇಷ್ಟು ನಿನಗೆ ಬಾಯಿಪಾಠ. ಹೇಳದೆ ಬಿಟ್ಟಿದ್ದು ಅದಕ್ಕೂ ಹಿಂದಿನದು.

ಸೆರ್ಜಿಯೊ ಪೋರ್ಚುಗಲ್‌ನ ಕೊಯಿಂಬ್ರಾ ಪಕ್ಕದ ಹುಡುಗ. ಕೈಯಲ್ಲಿ ಕಾಸಿಲ್ಲದ ಮನೆ. ಹದಿನಾರನೇ ವಯಸ್ಸಿಗೆ ಪೋರ್ಟೊ ಕ್ಲಬ್ಬಿಗೆ ಸೇರಿದ. ಸೇರಿದ ಹೊಸತರಲ್ಲೇ ಅಪ್ಪ ಮೋಟರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ಅಮ್ಮನೂ ಹೋದರು. ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಬರೀ ಆ ಅಪ್ಪನ ಬಗ್ಗೆಯೇ ಯೋಚನೆ ಮಾಡುತ್ತಿದ್ದೇನೆ. ಮಗ ದೊಡ್ಡ ಕ್ಲಬ್ಬಿಗೆ ಸೇರಿದ ಅನ್ನುವುದೊಂದು ಗೊತ್ತಾಯಿತು, ಅಷ್ಟೇ. ಆಮೇಲಿನದು ಒಂದನ್ನೂ ನೋಡಲಿಲ್ಲ. ಪೆನಾಫಿಯೆಲ್, ಲೆಸಾ, ಫೆಲ್ಗೇರಾಸ್ ಅಂತ ಸಣ್ಣ ಸಣ್ಣ ಕ್ಲಬ್ಬುಗಳಿಗೆ ಲೋನ್ ಮೇಲೆ, ಅಂದರೆ ಎರವಲು ಆಟಗಾರನಾಗಿ, ಅಲೆದದ್ದು ನೋಡಲಿಲ್ಲ. ಪೋರ್ಟೊಗೆ ವಾಪಸ್ ಬಂದು ಲೀಗ್ ಗೆದ್ದದ್ದು ನೋಡಲಿಲ್ಲ. ಲಾಜಿಯೊ ಕ್ಲಬ್ ಜೊತೆ 2000ದಲ್ಲಿ ಇಟಲಿಯ ಚಾಂಪಿಯನ್ ಆಗಿದ್ದು, ರಾಟರ್‌ಡ್ಯಾಮಿನ ಆ ರಾತ್ರಿ, ಯಾವುದನ್ನೂ ಇಲ್ಲ. ರಾತ್ರಿ ನಿದ್ದೆ ಬರದಾಗ ಇದೇ ಲೆಕ್ಕ. ಅಮ್ಮ ಬೈಯುತ್ತಾಳೆ, ಸುಮ್ನೆ ಮಲಗಿ ಅಂತ.

ನನಗೂ ಹೆದರಿಕೆ ಇದೆ ಪುಟ್ಟಿ. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನೀನು ಪಕ್ಕದಲ್ಲಿ ಕೂತು ನನ್ನ ಬಿಪಿ ನೋಡುತ್ತಾ ಇರುವುದನ್ನು ನೋಡಲು ನಾನು ಬದುಕಿರಬೇಕಾ? ನೀನು ಮೈದಾನದಲ್ಲಿ ಇಪ್ಪತ್ತು ಹುಡುಗಿಯರನ್ನು ಓಡಿಸುವುದನ್ನು ನೋಡಬೇಕು. ಪಿಟಿ ಮೇಷ್ಟ್ರಾಗಿ ಕಾಲ ಕಳೆದವನ ಮಗಳು ಲೈಸೆನ್ಸ್ ತಗೊಂಡ ಕೋಚ್ ಅಂತ ಬೀದಿಯವರಿಗೆಲ್ಲ ಹೇಳಿಯಾಗಿದೆ. ಹಾಲಿನವನಿಗೂ ಗೊತ್ತು.

ಕೋಚಿಂಗ್ ಸುಲಭ ಅಂದುಕೊಳ್ಳಬೇಡ. ಆಟ ಬಿಟ್ಟ ಮೇಲೆ ಸೆರ್ಜಿಯೊ ನೇರವಾಗಿ ದೊಡ್ಡ ಕುರ್ಚಿಯಲ್ಲಿ ಕೂರಲಿಲ್ಲ. ಬೆಲ್ಜಿಯಂನ ಸ್ಟ್ಯಾಂಡರ್ಡ್ ಲಿಯೇಜ್‌ನಲ್ಲಿ ಸಹಾಯಕನಾದ. 2012ರಲ್ಲಿ ಒಲ್ಯಾನೆನ್ಸ್ ಅನ್ನುವ ಚಿಕ್ಕ ಕ್ಲಬ್ ಸಿಕ್ಕಿತು. ಆಮೇಲೆ ಅಕಾಡೆಮಿಕಾ, ಬ್ರಾಗಾ, ವಿಟೋರಿಯಾ. 2016ರ ಡಿಸೆಂಬರಿನಲ್ಲಿ ಫ್ರಾನ್ಸಿನ ನಾಂಟ್‌ಗೆ ಹೋದಾಗ ತಂಡ ಪಟ್ಟಿಯ ಬುಡದಲ್ಲಿತ್ತು, ಸೀಸನ್ ಮುಗಿಯುವಾಗ ಏಳನೇ ಸ್ಥಾನ. 2017ರಲ್ಲಿ ಪೋರ್ಟೊ ಕರೆಯಿತು. ಎದುರಾಳಿ ಕ್ಲಬ್ ಬೆನ್ಫಿಕಾ ಸತತ ನಾಲ್ಕು ಸಲ ಲೀಗ್ ಗೆದ್ದಿತ್ತು, ಪೋರ್ಟೊ ಹತ್ತಿರ ಆಟಗಾರರನ್ನು ಕೊಳ್ಳಲು ದುಡ್ಡಿಲ್ಲ. ಲೋನ್ ಮೇಲೆ ಹೊರಗೆ ಕಳಿಸಿದ್ದ ಮಾರೆಗಾ, ಅಬೂಬಕರ್ ಅಂಥವರನ್ನೇ ವಾಪಸ್ ಕರೆದು ಮುಂದೆ ನಿಲ್ಲಿಸಿದ, 2018ರಲ್ಲಿ ಲೀಗ್ ಗೆದ್ದ. ಮತ್ತೆ 2020, 2022. ಏಳು ಸೀಸನ್ ಅಲ್ಲೇ ಇದ್ದ. ಯಾರಿಗೂ ಬೇಡವಾದವರಿಂದ ಆಡಿಸುವುದು ಬೆಂಚಿನಲ್ಲಿ ಕೂತವನಿಗೇ ಗೊತ್ತು ಅಂತ ನನಗೆ ಅನ್ನಿಸುತ್ತದೆ. ನೀನೂ ಕಾಲೇಜು ಟೀಮಲ್ಲಿ ಬೆಂಚ್ ಕಾದವಳು, ಅಲ್ವಾ? ಗೋವಾದಲ್ಲೂ ಒಂದು ಹುಡುಗಿ ಪ್ರತಿ ಪಂದ್ಯಕ್ಕೂ ಶೂ ಕಟ್ಟಿಕೊಂಡು ಸುಮ್ಮನೆ ಕೂತಿರುತ್ತಾಳೆ. ಮೊದಲು ಅವಳ ಹೆಸರು ಕಲಿ.

ಆದರೆ ಅವನ ಸಿಟ್ಟು ಮಾತ್ರ ಕಲಿಯಬೇಡ. ಎಷ್ಟೋ ಸಲ ರೆಫ್ರಿ ಜೊತೆ ಜಗಳಕ್ಕೆ ಬಿದ್ದು ಕೆಂಪು ಕಾರ್ಡ್ ತಿಂದು ಹೊರಗೆ ಹೋಗಿದ್ದಾನೆ. ತಂಡಕ್ಕೆ ಬೇಕಾದಾಗ ಕೋಚ್ ಗೆರೆ ಪಕ್ಕ ಇಲ್ಲದಿದ್ದರೆ ಏನು ಉಪಯೋಗ? ನಿನ್ನ ಮೂಗಿನ ಮೇಲೂ ಅದೇ ಸಿಟ್ಟು. ರೆಫ್ರಿಗೆ ಎದುರು ಮಾತಾಡಬೇಡ. ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಮಕ್ಕಳಿಗೆ ಬೈಯಬೇಡ. ಪ್ರಾಕ್ಟೀಸಿಗೆ ಎಲ್ಲರಿಗಿಂತ ಮುಂಚೆ ಹೋಗು. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಬೇಡ. ಮುಂದಿನ ಲೈಸೆನ್ಸಿಗೆ ಈಗಲೇ ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸರಿ, ಪಿಟಿ ಕ್ಲಾಸ್ ಜಾಸ್ತಿಯಾಯಿತು.

ಹೋದ ವರ್ಷ ಜೂನಲ್ಲಿ, ಯೂರೋಪಿನ ದೇಶಗಳು ಆಡುವ 2025ರ ನೇಷನ್ಸ್ ಲೀಗ್ ಸೆಮಿಫೈನಲ್. ನಾವಿಬ್ಬರೂ ಎದ್ದು ಕೂತು ನೋಡಿದ್ದು. ಮ್ಯೂನಿಕ್‌ನಲ್ಲಿ ಜರ್ಮನಿ ಮುಂದಿತ್ತು. ಬದಲಿಯಾಗಿ ಬಂದ ಫ್ರಾನ್ಸಿಸ್ಕೊ ದೂರದಿಂದ ಹೊಡೆದು ಸಮ ಮಾಡಿದ, ಆಮೇಲೆ ರೊನಾಲ್ಡೊ ಗೋಲು, 2-1. ಸೆರ್ಜಿಯೊ ಹ್ಯಾಟ್ರಿಕ್ ಹೊಡೆದ ಆ ದಿನದ ನಂತರ ಪೋರ್ಚುಗಲ್ ಜರ್ಮನಿಯನ್ನು ಸೋಲಿಸಿದ್ದು ಆವತ್ತೇ. ಫ್ರಾನ್ಸಿಸ್ಕೊ ಅವನ ಮಗ. ಐದು ಗಂಡು ಮಕ್ಕಳಲ್ಲಿ ಒಬ್ಬ. ನೀನು ಕಿರುಚಿ ಅಮ್ಮನನ್ನು ಎಬ್ಬಿಸಿದೆ. ನಾನು ಮಾತಾಡಲಿಲ್ಲ, ಯಾಕೆ ಅಂತ ನೀನು ಕೇಳಿದೆ. ಸೆರ್ಜಿಯೊ ತನ್ನ ಮಗನ ಗೋಲು ನೋಡಿದ, ಅವನ ಅಪ್ಪನಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ ಅಂತ ಆಗ ಹೇಳಲು ಆಗಲಿಲ್ಲ.

ಡಾಕ್ಟರು ಮೂರು ತಿಂಗಳು ಬಿಟ್ಟು ದೂರದ ಪ್ರಯಾಣ ಮಾಡಬಹುದು ಅಂದಿದ್ದಾರೆ. ಅಷ್ಟರಲ್ಲಿ ನಿನ್ನ ಹುಡುಗಿಯರ ಮೊದಲ ಪಂದ್ಯ ಯಾವತ್ತು ಅಂತ ಗೊತ್ತಾಗಿರುತ್ತದಲ್ಲ. ತಾರೀಕು ಹೇಳು, ನಾನು ಅಮ್ಮ ಇಬ್ಬರೂ ವಾಸ್ಕೋ ರೈಲಿಗೆ ಬುಕ್ ಮಾಡುತ್ತೇವೆ. ನಿನ್ನ ಟಿಕೆಟ್ ಕ್ಯಾನ್ಸಲ್ ಮಾಡಬೇಡ. ಆ ಅಕಾಡೆಮಿಯವರಿಗೆ ಇವತ್ತೇ ಬರ್ತೀನಿ ಅಂತ ಫೋನ್ ಮಾಡು, ಮಾಡಿದ ಮೇಲೆ ನನಗೂ ಒಂದು ಫೋನ್ ಮಾಡು.

ನಿನ್ನ ಅಪ್ಪ