ಬಾಣಂತಿಗೆ ಬಿಡುವೂ ಬೇಕು, ಬಾಗಿಲಿರುವ ಕೋಣೆಯೂ ಬೇಕು

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಬಟ್ಟೆ ಅಂಗಡಿಯೊಂದರ ಸೀರೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. 26 ವಾರಗಳ ರಜೆಯಲ್ಲಿ 8 ವಾರ ಹೆರಿಗೆಗೆ ಮುನ್ನವೇ ಕಳೆದಿದ್ದರಿಂದ, ಕೆಲಸಕ್ಕೆ ಮರಳಿದಾಗ ಮಗಳಿಗೆ ನಾಲ್ಕು ತಿಂಗಳಷ್ಟೇ ಆಗಿತ್ತು. ಆ ವಾರವೇ ಒಂದು ಮಧ್ಯಾಹ್ನ, ಸೀರೆ ಬಿಡಿಸಿ ತೋರಿಸುತ್ತಿದ್ದಾಗ ಗ್ರಾಹಕರ ಕಂಕುಳಲ್ಲಿದ್ದ ಕೂಸು ಅಳತೊಡಗಿತು. ನನ್ನ ಎದೆ ಜುಮ್ಮೆಂದು ಹಾಲು ಇಳಿದು, ಸಮವಸ್ತ್ರದ ತಿಳಿ ಬಣ್ಣದ ರವಿಕೆ ನೋಡನೋಡುತ್ತಲೇ ಒದ್ದೆಯಾಯಿತು. ಹರಡಿದ್ದ ರೇಷ್ಮೆ ಸೀರೆಗೆ ಕಲೆ ತಾಗೀತೆಂದು ಹೆದರಿ, ಸೆರಗು ಹೊದ್ದು, ಬಟ್ಟೆ ಹಾಕಿ ನೋಡುವ ಕೋಣೆಗೆ ಓಡಿದೆ. "ಇನ್ನೂ ಸ್ವಲ್ಪ ದಿನ ಮನೆಯಲ್ಲೇ ಇರಬೇಕಿತ್ತು" ಎಂದು ಮೇಲ್ವಿಚಾರಕರು ಎಲ್ಲರೆದುರು ಅಂದ ಮಾತು ಇಂದಿಗೂ ನೋಯಿಸುತ್ತದೆ.

ಇದು ಅಜಾಗರೂಕತೆಯಲ್ಲ. ಕೂಸಿನ ಅಳು ಕೇಳಿದರೆ, ಕೆಲವೊಮ್ಮೆ ನೆನಪಾದರೂ ಸಾಕು, ಆಕ್ಸಿಟೋಸಿನ್ ಹಾರ್ಮೋನು ಹಾಲನ್ನು ಹೊರದೂಡುತ್ತದೆ. ಅದು ತಾಯಿಯ ಹಿಡಿತದಲ್ಲಿಲ್ಲ. ಕೈಕಟ್ಟಿ ಎದೆಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಆ ಗಳಿಗೆಗೆ ನಿಲ್ಲುತ್ತದೆ. ಹಳೆಯ ಹತ್ತಿ ಪಂಚೆಯನ್ನು ದುಂಡಗೆ ಕತ್ತರಿಸಿ, ನಾಲ್ಕು ಪದರ ಹೊಲಿದು ಒಳಗಿಟ್ಟುಕೊಳ್ಳಲು ಅಮ್ಮ ಕಲಿಸಿದರು. ಆದರೆ ಅದನ್ನು ಒದ್ದೆಯಾದಂತೆಲ್ಲ ಬದಲಿಸದಿದ್ದರೆ ತೊಟ್ಟಿನ ಚರ್ಮ ಕೆಡುತ್ತದೆ. ಸೋರಬಾರದೆಂದು ಬಿಗಿಯಾಗಿ ಕಟ್ಟಿಕೊಂಡರೆ ಹಾಲು ಕಟ್ಟಿ ಎದೆ ಕಲ್ಲಾಗುತ್ತದೆ, ಬಾವು ಬಂದು ಜ್ವರವೂ ಏರಬಹುದು. ಹೊತ್ತಿಗೆ ಸರಿಯಾಗಿ ಹಾಲು ಹಿಂಡಿ ತೆಗೆಯುವುದೇ ನಿಜವಾದ ಪರಿಹಾರ. ಅದಕ್ಕೆ ಬೇಕಾದ ಸಮಯ ಮತ್ತು ಜಾಗ ನಮ್ಮಂಥವರಿಗೆ ಸಿಗುತ್ತಿಲ್ಲ.

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಗಿದ್ದು 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ನಮ್ಮ ಅಂಗಡಿಯಲ್ಲಿರುವವರು ಮೂವತ್ತು ಮಂದಿ. ಆದರೆ ಮಗುವಿಗೆ 15 ತಿಂಗಳು ತುಂಬುವವರೆಗೆ, ವಿಶ್ರಾಂತಿಯ ವೇಳೆಯ ಹೊರತಾಗಿ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕೆಂದು 1961ರ ಆ ಕಾಯ್ದೆಯ 11ನೇ ಕಲಮಿನಲ್ಲಿತ್ತು, ಅದರ ಬದಲಿಗೆ 2025ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ನನಗೆ ಇದು ತಿಳಿದದ್ದೇ ಆಮೇಲೆ. ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಆದ್ದರಿಂದ ಅಂಗಡಿ ಮಾಲೀಕರಲ್ಲಿ ನನ್ನ ವಿನಂತಿ: ಈ ಎರಡು ಬಿಡುವುಗಳನ್ನು ಕೇಳುವ ಮೊದಲೇ ಕೊಡಿ, ಚಿಲಕವಿರುವ ಒಂದು ಸಣ್ಣ ಕೋಣೆ, ಕುರ್ಚಿ, ಕೈತೊಳೆಯಲು ನಲ್ಲಿ ಇರಲಿ, ಬಾಣಂತಿಯರಿಗೆ ಗಾಢ ಬಣ್ಣದ ಸಮವಸ್ತ್ರ ಉಡಲು ಅವಕಾಶವಿರಲಿ. ಕಾರ್ಮಿಕ ಇಲಾಖೆಯ ನಿರೀಕ್ಷಕರು ತಪಾಸಣೆಗೆ ಬಂದಾಗ ಹಾಜರಿ ಪುಸ್ತಕದ ಜೊತೆಗೆ ಈ ಕೋಣೆಯನ್ನೂ ತೋರಿಸಿರೆಂದು ಕೇಳಬೇಕು.

– ಓರ್ವ ತಾಯಿ, ದಾವಣಗೆರೆ